ಅರಸಾಳಿನ ಹಳೆಯ ರೈಲು ನಿಲ್ದಾಣ: ಮಾಲ್ಗುಡಿ ವಸ್ತುಸಂಗ್ರಹಾಲಯ

ಶಿವಮೊಗ್ಗದಿಂದ ತಾಳಗುಪ್ಪದ ಕಡೆಗೆ ಹೊರಟ ರೈಲು ಕುಂಸಿಯನ್ನು ದಾಟಿದ ಮೇಲೆ ಅರಸಾಳಿಗೆ ಬರುತ್ತದೆ. ಹೊಸನಗರ ತಾಲ್ಲೂಕಿಗೆ ಸೇರಿದ, ರಿಪ್ಪನ್‌ಪೇಟೆಗೆ ಹತ್ತಿರವಿರುವ ಈ ಊರಿನ ಹಳೆಯ ನಿಲ್ದಾಣದ ಕಟ್ಟಡವನ್ನು ನೈಋತ್ಯ ರೈಲ್ವೆಯ ಮೈಸೂರು ವಿಭಾಗವು ಜೀರ್ಣೋದ್ಧಾರ ಮಾಡಿಸಿ, 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವೆಂದು ತೆರೆಯಿತು. ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ, ಆರ್.ಕೆ. ನಾರಾಯಣ್ ಕಲ್ಪಿಸಿದ ಊರಾದ ಮಾಲ್ಗುಡಿಯ ನಿಲ್ದಾಣವಾಗಿ ಕಾಣಿಸಿಕೊಂಡದ್ದು ಇದೇ ಆದ್ದರಿಂದ ಆ ಹೆಸರು. ಬರುವವರಲ್ಲಿ ಹೆಚ್ಚಿನವರನ್ನು ಕರೆತರುವುದೂ ಆ ನೆನಪೇ. ಆದರೆ ನಾನು ಇದನ್ನು ನೋಡಿ ಬನ್ನಿ ಎನ್ನುವುದಕ್ಕೆ ಮುಖ್ಯ ಕಾರಣ ಬೇರೆ: ಹಳಿಗಳ ನಡುವೆ ಒಂದೇ ಮೀಟರ್ ಅಂತರವಿದ್ದ ಮೀಟರ್‌ಗೇಜ್ ಕಾಲದ ಮಲೆನಾಡಿನ ನಿಲ್ದಾಣವೊಂದು ಎಷ್ಟು ಚಿಕ್ಕದಾಗಿತ್ತು, ಅಷ್ಟರಲ್ಲೇ ಎಷ್ಟೆಲ್ಲ ಕೆಲಸ ನಡೆಯುತ್ತಿತ್ತು ಎಂಬುದನ್ನು ಇಲ್ಲಿ ನಿಂತು ಅಂದಾಜು ಮಾಡಬಹುದು.

ಬೀರೂರು–ಶಿವಮೊಗ್ಗ ಮಾರ್ಗ 1899ರಲ್ಲೇ ಆರಂಭವಾಗಿತ್ತು. ಅಲ್ಲಿಂದ ಮುಂದಕ್ಕೆ ಹಳಿ ಹಾಕುವ ಕೆಲಸ 1930ರ ದಶಕದಲ್ಲಿ ಹಂತಹಂತವಾಗಿ ನಡೆದು, ಅರಸಾಳು, ಆನಂದಪುರ, ಸಾಗರಗಳನ್ನು ಹಾಯ್ದು 1940ರಲ್ಲಿ ತಾಳಗುಪ್ಪವನ್ನು ಮುಟ್ಟಿತು; ಜೋಗದ ಜಲವಿದ್ಯುತ್ ಯೋಜನೆಯ ಕಾಮಗಾರಿ ನಡೆಯುತ್ತಿದ್ದ ಕಾಲವದು. ಕೊನೆಯ ವರ್ಷಗಳಲ್ಲಿ ಇದೇ ಹಳಿಯ ಮೇಲೆ ಓಡುತ್ತಿದ್ದ, ಬಸ್ಸಿನಂಥ ಪುಟ್ಟ ಗಾಡಿಯಾದ ರೈಲ್‌ಬಸ್ಸನ್ನು ಸಾಗರದ ಕಡೆಯವರು ಈಗಲೂ ಪ್ರೀತಿಯಿಂದ ನೆನೆಯುತ್ತಾರೆ. 2011ರ ಹೊತ್ತಿಗೆ ತಾಳಗುಪ್ಪದವರೆಗೂ ಅಗಲ ಹಳಿಯ ಬ್ರಾಡ್‌ಗೇಜ್ ಆಯಿತು. ಹೊಸ ನಿಲ್ದಾಣ ಬಂದ ಮೇಲೆ ಹಳೆಯ ಕಟ್ಟಡಕ್ಕೆ ಕೆಲಸವಿಲ್ಲದಂತಾಯಿತು.

ಇಂಥ ನಿಲ್ದಾಣಗಳ ವಿನ್ಯಾಸದ ಹಿಂದಿನ ತರ್ಕ ತಿಳಿದಿದ್ದರೆ ಭೇಟಿಯ ಸುಖ ಹೆಚ್ಚುತ್ತದೆ. ಒಂದೇ ಜೋಡಿ ಹಳಿಯಿರುವ ಮಾರ್ಗದಲ್ಲಿ ಎದುರುಬದುರಾಗಿ ಬರುವ ಗಾಡಿಗಳು ಒಂದನ್ನೊಂದು ದಾಟಬೇಕಾದರೆ ನಿಲ್ದಾಣದಲ್ಲೇ ದಾಟಬೇಕು. ಅದಕ್ಕಾಗಿ ಅಲ್ಲಿ ಮತ್ತೊಂದು ಹಳಿ ಕವಲೊಡೆದು, ಸ್ವಲ್ಪ ದೂರ ಜೊತೆಯಾಗಿ ಸಾಗಿ, ಮತ್ತೆ ಕೂಡಿಕೊಳ್ಳುತ್ತದೆ. ಮುಂದಿನ ನಿಲ್ದಾಣದ ಒಪ್ಪಿಗೆ ಪಡೆದು ಸ್ಟೇಷನ್ ಮಾಸ್ತರರು ಯಂತ್ರದಿಂದ ತೆಗೆದ ಟೋಕನ್, ಅಂದರೆ ಮುಂದಿನ ಹಳಿಯ ಮೇಲೆ ಹೋಗಲು ಅನುಮತಿಯ ಗುರುತು, ಚಾಲಕನ ಕೈಗೆ ಸೇರುವವರೆಗೆ ಗಾಡಿ ಹೊರಡುವಂತಿರಲಿಲ್ಲ. ಮಾಸ್ತರರ ಕೋಣೆ ಹಳಿಗೆ ಮುಖ ಮಾಡಿರುತ್ತಿದ್ದದ್ದು ಈ ಜವಾಬ್ದಾರಿಯಿಂದಲೇ. ಟಿಕೆಟಿನ ಕಿಂಡಿಯೂ ಜನ ಕಾಯುವ ಜಗಲಿಯೂ ಆ ಕೋಣೆಯ ಮಗ್ಗುಲಲ್ಲೇ ಇರುತ್ತಿದ್ದವು. ಒಂದು ಮೀಟರ್ ಅಗಲದ ಹಳಿಗೆ ತಕ್ಕ ಅಳತೆಯ ಈ ಪುಟ್ಟ ಕಟ್ಟಡವನ್ನು ನೋಡಿದ ಕಣ್ಣಿನಲ್ಲೇ 1676 ಮಿಲಿಮೀಟರ್ ಅಗಲದ ಇಂದಿನ ಹಳಿಯನ್ನು ನೋಡಿದರೆ, ಕಾಲ ಎಷ್ಟು ಬದಲಾಗಿದೆ ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಜೀರ್ಣೋದ್ಧಾರದ ಹೊಣೆ ಹೊತ್ತದ್ದು ನನಗೆ ತುಂಬ ಮೆಚ್ಚುಗೆಯಾದ ಸಂಗತಿ. ಅಂದು ಈ ಜಾಗವನ್ನು ಕ್ಯಾಮೆರಾದ ಕಣ್ಣಿಗೆ ಸಿದ್ಧಪಡಿಸಿದವರ ಕೈಯೇ ಮತ್ತೆ ತಾಕಿರುವುದರಿಂದ ಕಟ್ಟಡ ತನ್ನ ಹಳ್ಳಿಯ ಗುಣವನ್ನು ಕಳೆದುಕೊಂಡಿಲ್ಲ. ಹಳೆಯ ರೈಲುಬೋಗಿಯಲ್ಲಿ ಚಹಾದಂಗಡಿ ಮಾಡಿರುವುದೂ ಸ್ಥಳಕ್ಕೆ ಒಪ್ಪುವ ಯೋಚನೆ. ಧಾರಾವಾಹಿಯ ನೆನಪಿಗೆ ಸಿಕ್ಕಷ್ಟೇ ಜಾಗ ಈ ಮಾರ್ಗದ ಚರಿತ್ರೆಗೂ, ಇಲ್ಲಿ ಹಗಲಿರುಳು ದುಡಿದ, ಗಾಡಿಗೆ ಹಳಿ ಬದಲಿಸಿಕೊಡುವ ಪಾಯಿಂಟ್ಸ್‌ಮನ್, ಹಳಿಯನ್ನು ನೋಡಿಕೊಳ್ಳುವ ಗ್ಯಾಂಗ್‌ಮನ್‌ಗಳ ಬದುಕಿಗೂ ಸಿಗಲಿ ಎಂಬುದು ನನ್ನ ಮನಃಪೂರ್ವಕ ಆಸೆ.

ಮಕ್ಕಳನ್ನು ಕರೆದುಕೊಂಡು ಹೋಗುವವರು ಸಾಧ್ಯವಾದರೆ ಕಾರನ್ನು ಬಿಟ್ಟು ರೈಲಿನಲ್ಲೇ ಹೋಗಿ. ಯಾವ ಗಾಡಿಗೆ ಅರಸಾಳಿನಲ್ಲಿ ನಿಲುಗಡೆ ಇದೆ, ಹಿಂದಿರುಗಲು ಯಾವುದು ಸಿಗುತ್ತದೆ ಎಂಬುದನ್ನು ಶಿವಮೊಗ್ಗದಲ್ಲೇ ಖಚಿತಪಡಿಸಿಕೊಂಡು ಟಿಕೆಟ್ ತೆಗೆದುಕೊಳ್ಳಿ.