ಮೆಟೀರಿಯಲ್ ದಾಖಲೆಗಳನ್ನು ಸಾಫ್ಟ್‌ವೇರ್‌ಗೆ ಒಪ್ಪಿಸುವ ಮುನ್ನ: ಬೆಳಗಾವಿಯ ಮಷಿನ್ ಶಾಪ್‌ಗಳಿಗೆ ಎಚ್ಚರಿಕೆ

ಉದ್ಯಮಬಾಗ, ಮಚ್ಛೆ, ಹೊನಗಾ ಕಡೆಯ ಕಾರ್ಖಾನೆಗಳಿಗೆ ಈಚೆಗೆ ಸಾಫ್ಟ್‌ವೇರ್ ಮಾರುವವರು ಸಾಲುಗಟ್ಟಿ ಬರುತ್ತಿದ್ದಾರೆ. ನಿಮ್ಮ ಹಳೆಯ ಟೆಸ್ಟ್ ಸರ್ಟಿಫಿಕೇಟು, ಎಕ್ಸೆಲ್ ಹಾಳೆ, ಇನ್‌ವರ್ಡ್ ರಿಜಿಸ್ಟರು ಎಲ್ಲವನ್ನೂ ಕೊಡಿ, ಸ್ವಚ್ಛಮಾಡಿ ಒಂದೇ ಕಡೆ ಜೋಡಿಸಿಕೊಡುತ್ತೇವೆ ಎನ್ನುತ್ತಾರೆ. ಅಂಥ ಒಬ್ಬರಿಗೆ ನಮ್ಮ ಮಾಲೀಕರು ಕೆಲಸ ಒಪ್ಪಿಸಿದರು. ಅದರಿಂದಾದ ನಷ್ಟವನ್ನು ನಾವು ಇನ್ನೂ ತುಂಬಿಕೊಳ್ಳುತ್ತಿದ್ದೇವೆ. ಆ ಕಂಪನಿಯ ಹೆಸರು ಬರೆಯುವುದಿಲ್ಲ. ಅವರು ಕೆಲಸ ಮಾಡಿದ ರೀತಿ ತಿಳಿದರೆ ಸಾಕು, ಅದೇ ರೀತಿಯಲ್ಲಿ ಮಾಡುವವರು ಇನ್ನೂ ಬಹಳ ಜನ ಇದ್ದಾರೆ.

ನಾನು ಖಾನಾಪುರ ರಸ್ತೆಯ ಮಷಿನ್ ಶಾಪ್ ಒಂದರಲ್ಲಿ ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತೇನೆ. ಹೈಡ್ರಾಲಿಕ್ ಪಂಪ್‌ಗಳ ಬಾಡಿ ನಮ್ಮ ಮುಖ್ಯ ಕೆಲಸ. ಎಸ್‌ಜಿ ಐರನ್ (ಒಳಗಿನ ಗ್ರಾಫೈಟ್ ಗುಂಡು ಕಣಗಳಾಗಿರುವ ಎರಕದ ಕಬ್ಬಿಣ) 400/15 ಗ್ರೇಡಿನ ಎರಕ ಹತ್ತಿರದ ಫೌಂಡ್ರಿಯಿಂದ ಬರುತ್ತದೆ, ನಾವು ಮಷಿನಿಂಗ್ ಮಾಡಿ ಕಳುಹಿಸುತ್ತೇವೆ. ಕಳೆದ ವರ್ಷ ಗ್ರಾಹಕರ ಟೆಸ್ಟ್ ಬೆಂಚಿನಲ್ಲಿ ಒಂದು ಬಾಡಿ ಒತ್ತಡ ತಾಳದೆ ಸೀಳಿತು. ಸೀಳಿದ ಜಾಗವನ್ನು ಕತ್ತರಿಸಿ, ಪಾಲಿಶ್ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗ್ರಾಫೈಟ್ ಸರಿಯಾಗಿ ಗುಂಡಾಗಿರಲಿಲ್ಲ. ಗ್ರಾಹಕರು ಕೇಳಿದ್ದು ಒಂದೇ ಪ್ರಶ್ನೆ: ಇದೇ ಹೀಟ್‌ನ, ಅಂದರೆ ಒಮ್ಮೆಗೆ ಕರಗಿಸಿದ ಇದೇ ಕಬ್ಬಿಣದ, ಉಳಿದ ಬಾಡಿಗಳು ಯಾವುವು?

ಎಸ್‌ಜಿ ಐರನ್ ಕೆಲಸ ಗೊತ್ತಿದ್ದವರಿಗೆ ಈ ಪ್ರಶ್ನೆ ಎಷ್ಟು ನ್ಯಾಯವಾದದ್ದು ಎಂದು ತಿಳಿಯುತ್ತದೆ. ಗ್ರಾಫೈಟ್ ಗುಂಡಾಗಲೆಂದು ಕರಗಿದ ಕಬ್ಬಿಣಕ್ಕೆ ಮೆಗ್ನೀಸಿಯಂ ಸೇರಿಸಿದ ಮೇಲೆ ಅದರ ಪರಿಣಾಮ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ನಿಮಿಷಗಳ ಲೆಕ್ಕದಲ್ಲಿ ಇಳಿಯುತ್ತ ಹೋಗುತ್ತದೆ. ಸುರಿಯುವುದು ತಡವಾದರೆ ಲೇಡಲ್‌ನ (ಕರಗಿದ ಲೋಹ ಸುರಿಯುವ ಪಾತ್ರೆಯ) ಕೊನೆಯ ಮೋಲ್ಡ್‌ಗಳಲ್ಲಿ ಗ್ರಾಫೈಟ್ ಗುಂಡಾಗದೆ ಅಡ್ಡಾದಿಡ್ಡಿ ರೂಪ ತಾಳುತ್ತದೆ, ಎರಕದ ಹಿಗ್ಗುವ ಗುಣ ಕುಸಿಯುತ್ತದೆ. ಒಂದು ಹೀಟ್ ಕೆಟ್ಟರೆ ಅದರ ಹಿಂದಿನದೂ ಮುಂದಿನದೂ ಚೆನ್ನಾಗಿಯೇ ಇರಬಹುದು. ಹಾಗಾಗಿ ಯಾವ ಬಾಡಿ ಯಾವ ಹೀಟ್‌ನದು ಎಂದು ಹೇಳಬಲ್ಲವನು ಕೆಲವೇ ಬಾಡಿಗಳನ್ನು ತೆಗೆದಿಟ್ಟು ಪಾರಾಗುತ್ತಾನೆ. ಹೇಳಲಾಗದವನು ಎಲ್ಲವನ್ನೂ ವಾಪಸು ತರಿಸಬೇಕು.

ನಾವು ಎಲ್ಲವನ್ನೂ ವಾಪಸು ತರಿಸಿದೆವು.

ಆ ಫೌಂಡ್ರಿಯವರು ಹೀಟ್ ನಂಬರ್ ಬರೆಯುವ ಕ್ರಮ ಹೀಗಿದೆ: ವರ್ಷದ ಮೊದಲಿಂದ ಏರುತ್ತ ಹೋಗುವ ಸಂಖ್ಯೆ, ತಿಂಗಳಿಗೊಂದು ಇಂಗ್ಲಿಷ್ ಅಕ್ಷರ, ಕೊನೆಗೆ ವರ್ಷದ ಎರಡು ಅಂಕಿ. ಜನವರಿಗೆ ಎ, ಫೆಬ್ರವರಿಗೆ ಬಿ, ಹಾಗೇ ಮುಂದುವರಿದು ಮೇ ತಿಂಗಳಿಗೆ ಇ (E). 1121ಇ24 ಎಂದರೆ 2024ರ ಮೇ ತಿಂಗಳಲ್ಲಿ ಕರಗಿಸಿದ 1121ನೇ ಹೀಟ್. ಈ ನಂಬರ್ ಎರಕದ ಫ್ಲಾಂಜ್ ಮೇಲೆ ಉಬ್ಬಿಕೊಂಡಿರುತ್ತದೆ. ನಾವು ಫೇಸಿಂಗ್ ಮಾಡುವಾಗ, ಅಂದರೆ ಆ ಮೇಲ್ಮೈಯನ್ನು ಸಪಾಟು ಮಾಡುವಾಗ, ಅದು ಅಳಿಸಿಹೋಗುತ್ತದೆ, ಬದಲಿಗೆ ನಮ್ಮ ಸೀರಿಯಲ್ ನಂಬರನ್ನು ಪಂಚ್ ಮಾಡುತ್ತೇವೆ. ಆ ಕ್ಷಣದಿಂದ ಬಾಡಿಗೂ ಹೀಟ್‌ಗೂ ಇರುವ ನಂಟು ಲೋಹದ ಮೇಲೆ ಇಲ್ಲ, ದಾಖಲೆಯಲ್ಲಿ ಮಾತ್ರ ಇದೆ.

ಆ ದಾಖಲೆಯನ್ನೇ ಸಾಫ್ಟ್‌ವೇರ್‌ನವರು ಕೈಗೆತ್ತಿಕೊಂಡರು. ನಮ್ಮ ಫೈಲುಗಳನ್ನು ಎಕ್ಸೆಲ್‌ನಲ್ಲಿ ತೆರೆದು, ಸಾಲುಗಳನ್ನು ಸರಿಪಡಿಸಿ, ಸಿಎಸ್‌ವಿ ಎಂಬ ಬರೀ ಪಠ್ಯದ ರೂಪದಲ್ಲಿ ಉಳಿಸಿ, ತಮ್ಮ ಸರ್ವರ್‌ಗೆ ಏರಿಸಿದರು. ಅಂಕಿಗಳ ನಡುವೆ ಇ ಅಕ್ಷರ ಕಂಡರೆ ಎಕ್ಸೆಲ್ ಅದನ್ನು ಹತ್ತರ ಘಾತವೆಂದು ಓದುತ್ತದೆ. 1121ಇ24 ಎನ್ನುವುದು ಅದಕ್ಕೆ 1121ರ ಮುಂದೆ 24 ಸೊನ್ನೆ. ಪರದೆಯ ಮೇಲೆ 1.12ಇ+27 ಎಂದು ತೋರಿಸುತ್ತದೆ. ಫೈಲನ್ನು ಸಿಎಸ್‌ವಿಯಾಗಿ ಉಳಿಸಿದರೆ ಪರದೆಯ ಮೇಲೆ ಕಂಡಷ್ಟೇ ಉಳಿಯುತ್ತದೆ, ಹಿಂದಿನ ಅಂಕಿ ಅಳಿಯುತ್ತದೆ. 1121, 1122, 1123 ಎಲ್ಲವೂ 1.12ಇ+27 ಆದವು. ಹತ್ತತ್ತು ಹೀಟ್‌ಗಳು ಒಂದೊಂದೇ ಹೆಸರಿನಡಿ ಬಂದು ಬಿದ್ದವು. ಏಪ್ರಿಲ್‌ನ ಡಿ, ಜೂನ್‌ನ ಎಫ್ ಇದ್ದ ನಂಬರುಗಳಿಗೆ ಏನೂ ಆಗಲಿಲ್ಲ. ಹಾಳಾದದ್ದು ಮೇ ತಿಂಗಳು ಮಾತ್ರ, ಅದರಿಂದಲೇ ಒಪ್ಪಿಸಿಕೊಳ್ಳುವಾಗ ಅವರು ತೋರಿಸಿದ ಮಾದರಿ ಸಾಲುಗಳಲ್ಲಿ ಇದು ಯಾರ ಕಣ್ಣಿಗೂ ಬೀಳಲಿಲ್ಲ.

ಇದು ಎಲ್ಲೋ ಒಮ್ಮೆ ಆಗುವ ಅಪರೂಪದ ಸಂಗತಿಯೇನಲ್ಲ. ಮನುಷ್ಯರ ಕೆಲವು ಜೀನ್‌ಗಳ ಹೆಸರನ್ನು ಎಕ್ಸೆಲ್ ಮಾರ್ಚ್, ಸೆಪ್ಟೆಂಬರ್ ತಿಂಗಳ ದಿನಾಂಕಗಳಾಗಿ ಬದಲಿಸುತ್ತಿದ್ದುದರಿಂದ ವಿಜ್ಞಾನಿಗಳು 2020ರ ಹೊತ್ತಿಗೆ ಆ ಜೀನ್‌ಗಳ ಹೆಸರನ್ನೇ ಬದಲಾಯಿಸಬೇಕಾಯಿತು. ತಾನಾಗಿ ಬದಲಾಗುವುದನ್ನು ನಿಲ್ಲಿಸುವ ಆಯ್ಕೆಯನ್ನು ಮೈಕ್ರೋಸಾಫ್ಟ್ 2023ರಲ್ಲಿ ಕೊಟ್ಟಿತು. ದತ್ತಾಂಶ ಸಾಗಿಸುವುದೇ ಕಸುಬಾಗಿರುವವರಿಗೆ ಇದು ಗೊತ್ತಿಲ್ಲದಿದ್ದರೆ ಅವರು ಆ ಕಸುಬಿಗೆ ಹಣ ಕೇಳಬಾರದು.

ನಂಟನ್ನು ಮತ್ತೆ ಕಟ್ಟಿದ್ದು ಫೌಂಡ್ರಿಯ ಕೈಬರಹದ ಮೆಲ್ಟಿಂಗ್ ರಿಜಿಸ್ಟರ್. ಅಲ್ಲಿನ ಹಿರಿಯ ಮೇಲ್ವಿಚಾರಕರು ಪ್ರತಿ ಹೀಟ್‌ನ ಮುಂದೆ ಮೆಗ್ನೀಸಿಯಂ ಹಾಕಿದ ಸಮಯ, ಸುರಿದು ಮುಗಿಸಿದ ಸಮಯ, ಮೋಲ್ಡ್‌ಗಳ ಸಂಖ್ಯೆ ಬರೆದಿಟ್ಟಿದ್ದರು. ಎಣ್ಣೆಯ ಬೆರಳಚ್ಚು ಮೂಡಿದ ಆ ಪುಟಗಳನ್ನು ತಿರುವುತ್ತ, “ಸಾಹೇಬರೇ, ಈ ದಿನ ಕ್ರೇನ್ ನಿಂತಿತ್ತು, ಇಲ್ಲಿ ನೋಡಿ, ಸುರಿಯುವುದು ತಡವಾಗಿದೆ. ಮೊದಲು ಈ ಹೀಟ್ ಹಿಡಿಯಿರಿ,” ಎಂದರು. ಆ ಹೀಟ್‌ನ ಎರಕ ನಮಗೆ ಬಂದ ಚಲನ್, ನಮ್ಮ ಆಪರೇಟರ್‌ಗಳ ದಿನದ ಉತ್ಪಾದನಾ ಚೀಟಿ, ಇವೆರಡನ್ನೂ ಪಕ್ಕದಲ್ಲಿಟ್ಟು ಒಂದೊಂದೇ ಸೀರಿಯಲ್ ನಂಬರನ್ನು ಹೊಂದಿಸಿದೆವು. ಹೊಂದದೆ ಉಳಿದ ಬಾಡಿಗಳು ಬಹಳ ಇದ್ದವು. ಆದ್ದರಿಂದ ವಾಪಸು ಬಂದ ಪ್ರತಿಯೊಂದನ್ನೂ ಅಲ್ಟ್ರಾಸಾನಿಕ್ ಪರೀಕ್ಷೆಗೆ ಹಾಕಬೇಕಾಯಿತು. ಗ್ರಾಫೈಟ್ ಚೆನ್ನಾಗಿ ಗುಂಡಾಗಿದ್ದರೆ ಶಬ್ದ ಸೆಕೆಂಡಿಗೆ ಸುಮಾರು 5,600 ಮೀಟರ್ ವೇಗದಲ್ಲಿ ಸಾಗುತ್ತದೆ, ಇಲ್ಲದಿದ್ದರೆ ವೇಗ ಇಳಿಯುತ್ತದೆ. ಪರೀಕ್ಷೆಯ ಖರ್ಚು, ಸಾಗಾಣಿಕೆ, ಗ್ರಾಹಕರ ಲೈನ್ ನಿಂತ ದಂಡ ಎಲ್ಲವೂ ನಮ್ಮ ತಲೆಗೆ ಬಂತು. ಸಾಫ್ಟ್‌ವೇರ್‌ನವರು ಒಪ್ಪಂದದ ಒಂದು ಸಾಲನ್ನು ತೋರಿಸಿದರು: ದತ್ತಾಂಶ ಸರಿಯಿದೆಯೇ ಎಂದು ನೋಡುವ ಹೊಣೆ ಗ್ರಾಹಕರದ್ದು, ಅಂದರೆ ನಮ್ಮದು.

ಈ ಗದ್ದಲದಲ್ಲಿ ಉಳಿದ ದಾಖಲೆಗಳನ್ನೂ ತೆಗೆದು ನೋಡಿದಾಗ ಇನ್ನಷ್ಟು ಹೊರಬಿತ್ತು. ಟೆನ್ಸೈಲ್ (ಎಳೆತ ತಾಳುವ ಬಲ) ಎಂಬ ಕಾಲಂನಲ್ಲಿ 42, 412, 60 ಎಂಬ ಮೂರು ಅಂಕಿಗಳು ಒಂದರ ಕೆಳಗೊಂದು ಕೂತಿದ್ದವು. ಮೊದಲನೆಯದು ಚದರ ಮಿಲಿಮೀಟರಿಗೆ ಕಿಲೋ ಲೆಕ್ಕದ ಹಳೆಯ ಸರ್ಟಿಫಿಕೇಟಿನದು, ಎರಡನೆಯದು ನ್ಯೂಟನ್ ಲೆಕ್ಕ, ಮೂರನೆಯದು ಅಮೆರಿಕದ ಕೆಎಸ್‌ಐ (ಚದರ ಇಂಚಿಗೆ ಸಾವಿರ ಪೌಂಡ್) ಲೆಕ್ಕ. ಮೂರೂ ಹೆಚ್ಚುಕಡಿಮೆ ಒಂದೇ ಬಲ. ಆದರೆ ಯೂನಿಟ್ ಕಾಲಂ ಅನ್ನೇ ಅವರು ತೆಗೆದುಹಾಕಿದ್ದರಿಂದ ಸಾಫ್ಟ್‌ವೇರ್ 42 ಮತ್ತು 60ಕ್ಕೆ ಬಲ ಸಾಲದೆಂದು ಕೆಂಪು ಬಣ್ಣ ಹಚ್ಚಿತ್ತು. ದಿನವೂ ಸುಳ್ಳು ಕೆಂಪು ನೋಡಿ ನೋಡಿ ಸ್ಟೋರ್‌ನ ಹುಡುಗರು ನಿಜವಾದ ಕೆಂಪನ್ನೂ ಲೆಕ್ಕಿಸದಂತಾಗಿದ್ದರು. ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಇದೇ.

ಗ್ರೇಡ್‌ಗಳ ಕಥೆಯೂ ಹೀಗೆಯೇ. ಇಎನ್ 8 ಮತ್ತು ಸಿ45 ಎಂಬ ಉಕ್ಕಿನ ಗ್ರೇಡ್‌ಗಳೆರಡನ್ನೂ ಸಮಾನವೆಂದು ಒಂದೇ ಹೆಸರಿಗೆ ಇಳಿಸಿದ್ದರು. ಇಎನ್ 8ರಲ್ಲಿ ಇಂಗಾಲ 0.36ರಿಂದ 0.44 ಶೇಕಡಾ, ಸಿ45ರಲ್ಲಿ 0.42ರಿಂದ 0.50. ಸಾಧಾರಣ ಪಿನ್ನಿಗೆ ಎರಡೂ ನಡೆಯುತ್ತವೆ. ಇಂಡಕ್ಷನ್ ಹಾರ್ಡನಿಂಗ್ (ವಿದ್ಯುತ್ತಿನಿಂದ ಕಾಯಿಸಿ ಮೇಲ್ಮೈ ಗಡಸು ಮಾಡುವುದು) ಇರುವ ಶಾಫ್ಟಿಗೆ 0.37ಕ್ಕೆ ಇಟ್ಟ ಸೆಟ್ಟಿಂಗಿನಲ್ಲೇ 0.49ರದನ್ನು ಹಾಕಿದರೆ ಗಡಸುತನ ಬೇರೆಯಾಗುತ್ತದೆ, ಬಿರುಕು ಬಿಡುವ ಅಪಾಯವೂ ಇದೆ. ಸಮಾನ ಎನ್ನುವುದನ್ನು ಒಂದು ಡ್ರಾಯಿಂಗಿಗೆ, ಒಂದು ಭಾಗಕ್ಕೆ, ಅದರ ಕೆಲಸ ಬಲ್ಲ ಎಂಜಿನಿಯರ್ ಸಹಿ ಹಾಕಿ ಹೇಳಬೇಕು. ಕಂಪ್ಯೂಟರ್ ಮುಂದೆ ಕೂತ, ಶಾಫ್ಟನ್ನೇ ನೋಡದ ಹುಡುಗ ಸಾರಾಸಗಟಾಗಿ ಹೇಳುವ ಮಾತಲ್ಲ ಅದು.

ಸರ್ಟಿಫಿಕೇಟುಗಳನ್ನಂತೂ ‘ಇದೆ’, ‘ಇಲ್ಲ’ ಎಂಬ ಟಿಕ್ ಗುರುತಿಗೆ ಇಳಿಸಿದ್ದರು. ಸರ್ಟಿಫಿಕೇಟಿನ ಬಗೆಗಳನ್ನು ವಿಂಗಡಿಸುವ ಇಎನ್ 10204 ಮಾನದಂಡದ ಪ್ರಕಾರ 2.2 ಎಂದರೆ ಆ ಬಗೆಯ ಮಾಲಿನ ಸಾಮಾನ್ಯ ಫಲಿತಾಂಶ, 3.1 ಎಂದರೆ ನಿಮಗೆ ಕಳುಹಿಸಿದ ಅದೇ ಮಾಲಿನ ಪರೀಕ್ಷೆಯ ಫಲಿತಾಂಶ. ಎರಡಕ್ಕೂ ಒಂದೇ ಟಿಕ್ ಹಾಕಿದರೆ ಗ್ರಾಹಕರ ಆಡಿಟ್‌ನಲ್ಲಿ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ. ಎಲ್ಲ ದಾಖಲೆಗಳನ್ನೂ ವಾಪಸು ಕೊಡಿ ಎಂದಾಗ ಅವರು ಕೊಟ್ಟದ್ದು ಪಿಡಿಎಫ್ ಪುಟಗಳು. ಎಕ್ಸೆಲ್ ರೂಪದಲ್ಲಿ ಬೇಕೆಂದರೆ ಬೇರೆ ಶುಲ್ಕವಂತೆ. ನಮ್ಮ ಮಾಲಿನ ಮಾಹಿತಿಗೆ ನಾವೇ ಬಾಡಿಗೆ ಕಟ್ಟಬೇಕಂತೆ.

ಸಾಫ್ಟ್‌ವೇರ್ ಬೇಡ ಎಂದು ನಾನು ಹೇಳುತ್ತಿಲ್ಲ. ಐಎಸ್ಒ 9001ರ 8.5.2ನೇ ಕಲಮು ಕೇಳುವ ಜಾಡು ಹಿಡಿಯುವ ವ್ಯವಸ್ಥೆಯನ್ನು ಕೈಬರಹದಲ್ಲೇ ನಡೆಸುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಆದರೆ ಸಹಿ ಹಾಕುವ ಮುನ್ನ ನಿಮ್ಮ ಅತಿ ತೊಡಕಿನ ಸಾಲುಗಳನ್ನು ಆರಿಸಿ ಅವರ ಕೈಗೆ ಕೊಡಿ: ಮೇ ತಿಂಗಳ ಹೀಟ್, ಸೊನ್ನೆಯಿಂದ ಶುರುವಾಗುವ ಲಾಟ್ ನಂಬರ್, 5-3 ಎಂಬಂಥ ಲೇಡಲ್ ಗುರುತು, ಹಳೆಯ ಕಿಲೋ ಲೆಕ್ಕದ ಸರ್ಟಿಫಿಕೇಟ್. ಒಳಗೆ ಹಾಕಿಸಿ, ಮತ್ತೆ ಹೊರಗೆ ತೆಗೆಸಿ, ಅಕ್ಷರ ಅಕ್ಷರ ಹೊಂದಿಸಿ ನೋಡಿ. ಮಾದರಿ ಸಾಲುಗಳನ್ನು ಅವರು ಆರಿಸುವುದಕ್ಕೆ ಬಿಡಬೇಡಿ. ಸರ್ಟಿಫಿಕೇಟಿನಲ್ಲಿ ಇದ್ದ ಅಂಕಿ, ಇದ್ದ ಯೂನಿಟ್, ಇದ್ದ ಗ್ರೇಡ್ ಹೆಸರು ಹಾಗೆಯೇ ಒಂದು ಕಾಲಂನಲ್ಲಿ ಉಳಿಯಬೇಕು. ಪರಿವರ್ತಿಸಿದ್ದು ಬೇರೆ ಕಾಲಂಗೆ ಹೋಗಲಿ. ಹೀಟ್ ಟ್ರೀಟ್‌ಮೆಂಟ್ ಸ್ಥಿತಿ ಮತ್ತು ಬಾರ್‌ನ ವ್ಯಾಸ ಗ್ರೇಡ್‌ನ ಪಕ್ಕದಲ್ಲೇ ಇರಬೇಕು, ಯಾಕೆಂದರೆ ಒಂದೇ ಇಎನ್ 24 ಉಕ್ಕು ದಪ್ಪ ಬಾರ್‌ನಲ್ಲಿ ಸಣ್ಣ ಬಾರ್‌ನಷ್ಟು ಬಲ ಕೊಡುವುದಿಲ್ಲ. ಯಾವಾಗ ಕೇಳಿದರೂ, ಹೆಚ್ಚುವರಿ ಹಣವಿಲ್ಲದೆ, ಪೂರ್ತಿ ದತ್ತಾಂಶವನ್ನು ವಾಪಸು ಕೊಡುವ ಮಾತು ಒಪ್ಪಂದದಲ್ಲಿ ಬರೆದಿರಲಿ. ಹಳೆಯ ಮೂಲ ಫೈಲುಗಳ ಒಂದು ಪ್ರತಿಯನ್ನು ಯಾರೂ ತಿದ್ದಲಾಗದಂತೆ ನಿಮ್ಮಲ್ಲೇ ಇಟ್ಟುಕೊಳ್ಳಿ.

ಈಗಾಗಲೇ ಇಂಥ ಸಾಫ್ಟ್‌ವೇರ್‌ಗೆ ದಾಖಲೆ ಸಾಗಿಸಿರುವವರು ನಾಳೆಯವರೆಗೂ ಕಾಯಬೇಡಿ. ಹೀಟ್ ನಂಬರ್ ಕಾಲಂನಲ್ಲಿ ಕೂಡಿಸುವ ಚಿಹ್ನೆಯನ್ನು ಹುಡುಕಿ. ಒಂದೇ ಒಂದು ಸಿಕ್ಕರೂ ಆ ತಿಂಗಳಿನ ರವಾನೆಯನ್ನು ನಿಲ್ಲಿಸಿ, ನಿಮ್ಮ ಫೌಂಡ್ರಿಗೆ ಫೋನ್ ಮಾಡಿ, ಆ ವರ್ಷದ ಮೆಲ್ಟಿಂಗ್ ರಿಜಿಸ್ಟರನ್ನು ರದ್ದಿಗೆ ಹಾಕದೆ ತೆಗೆದಿಡಲು ಹೇಳಿ. ಬಹಳ ಫೌಂಡ್ರಿಗಳಲ್ಲಿ ಹಳೆಯ ರಿಜಿಸ್ಟರುಗಳನ್ನು ಕೆಲವು ವರ್ಷಗಳಾದ ಮೇಲೆ ಸುಡುತ್ತಾರೆ, ಇಲ್ಲವೇ ತೂಕಕ್ಕೆ ಹಾಕುತ್ತಾರೆ.