ಹೆಡ್‌ಲೈಟಿನ ತಂತಿಗೆ ಯಾವ ಕ್ರಿಂಪ್ ಕನೆಕ್ಟರ್: ನಾಲ್ಕು ಬಗೆಗಳ ಹೋಲಿಕೆ

ಕಳೆದ ಮಳೆಗಾಲದಲ್ಲಿ ಕುಂದಾಪುರದಿಂದ ಶಿವಮೊಗ್ಗಕ್ಕೆ ಹೋಗುತ್ತಿದ್ದಾಗ, ಹುಲಿಕಲ್ ಘಾಟಿಯ ನಡುವೆ, ನನ್ನ ಹಳೆಯ ಓಮ್ನಿ ವ್ಯಾನಿನ ಎರಡೂ ಹೆಡ್‌ಲೈಟುಗಳು ಎಣ್ಣೆ ತೀರಿದ ಹಣತೆಗಳಂತೆ ಮಂಕಾದವು. ಮರುದಿನ ಬಿಚ್ಚಿ ನೋಡಿದರೆ, ಎರಡು ದೀಪಗಳಿಗೂ ಸೇರಿದ ಅರ್ಥ್ ತಂತಿಯನ್ನು (ವಿದ್ಯುತ್ತು ವ್ಯಾನಿನ ಲೋಹದ ಮೈಗೆ ಹಿಂದಿರುಗುವ ತಂತಿಯನ್ನು) ಹಿಂದೆ ಯಾರೋ ಕೈಯಲ್ಲೇ ಹೊಸೆದು ಇನ್ಸುಲೇಷನ್ ಟೇಪ್ ಸುತ್ತಿ ಬಿಟ್ಟಿದ್ದರು. ಟೇಪಿನೊಳಗೆ ತಾಮ್ರದ ಎಳೆಗಳಿಗೆಲ್ಲ ಹಸಿರು ಕಿಲುಬು ಹಿಡಿದಿತ್ತು. ಸಮುದ್ರದ ಗಾಳಿ ಬೀಸುವ ಊರಿನಲ್ಲಿ ಇದು ಅಪರೂಪದ ಸಂಗತಿಯೇನಲ್ಲ. ಆದರೆ ಅದರ ಜಾಗದಲ್ಲಿ ಏನನ್ನು ಹಾಕಬೇಕು ಎಂಬ ಪ್ರಶ್ನೆಗೆ ಅಂಗಡಿಗೊಂದು ಉತ್ತರ ಸಿಕ್ಕಿದ್ದರಿಂದ, ದೊರೆತ ನಾಲ್ಕು ಬಗೆಯ ಜೋಡಣೆಗಳನ್ನೂ ಮನೆಯಲ್ಲೇ ಪರೀಕ್ಷಿಸಿ ನೋಡಿದೆ. ಮೂರು ಕ್ರಿಂಪ್ ಕನೆಕ್ಟರುಗಳು, ಅಂದರೆ ತಂತಿಯ ತುದಿಯ ಮೇಲೆ ಅದುಮಿ ಕೂರಿಸುವ ಲೋಹದ ತುಂಡುಗಳು; ನಾಲ್ಕನೆಯದು ಮಾತ್ರ ಅದುಮುವ ಬದಲು ಬೆಸುಗೆಯಿಂದ ಹಿಡಿಯುವಂಥದು.

ಜೋಡಣೆಯೊಂದು ಇಷ್ಟೊಂದು ತಲೆ ಕೆಡಿಸಿಕೊಳ್ಳುವ ವಿಷಯವೇ ಎಂದು ಅನ್ನಿಸಬಹುದು. 55 ವಾಟಿನ ಎರಡು ಹ್ಯಾಲೊಜೆನ್ ಬಲ್ಬುಗಳು 12 ವೋಲ್ಟಿನಲ್ಲಿ ಒಟ್ಟು 9 ಆಂಪಿಯರಿಗಿಂತ ಹೆಚ್ಚು ವಿದ್ಯುತ್ತನ್ನು ಎಳೆಯುತ್ತವೆ. ಅವೆರಡಕ್ಕೂ ಸೇರಿದ ಒಂದೇ ಅರ್ಥ್ ಜೋಡಣೆಯಲ್ಲಿ 0.1 ಓಮ್ ರೋಧವಿದ್ದರೂ ಸುಮಾರು ಒಂದು ವೋಲ್ಟ್ ಅಲ್ಲಿಯೇ ವ್ಯಯವಾಗಿ, ಕಡಲೆಕಾಳಿನಷ್ಟು ಜಾಗದಲ್ಲಿ ಎಂಟು ವಾಟಿಗೂ ಮಿಕ್ಕಿ ಶಾಖ ಹುಟ್ಟುತ್ತದೆ. ಬಲ್ಬಿಗೆ ತಲುಪುವ ವೋಲ್ಟೇಜು ಶೇ 10ರಷ್ಟು ಕುಸಿದರೆ ಬೆಳಕು ಶೇ 10ರಷ್ಟಲ್ಲ, ಹೆಚ್ಚುಕಡಿಮೆ ಶೇ 30ರಷ್ಟು ಕುಸಿಯುತ್ತದೆ.

ಪರೀಕ್ಷೆಗೆ 1.5 ಚದರ ಮಿಲಿಮೀಟರಿನ ವಾಹನ ತಂತಿಯನ್ನು ಬಳಸಿ ಪ್ರತಿ ಬಗೆಯಲ್ಲೂ ಐದೈದು ಜೋಡಣೆಗಳನ್ನು ಮಾಡಿದೆ. ಮೊದಲು ಪ್ರತಿಯೊಂದಕ್ಕೂ 14 ಲೀಟರ್ ನೀರು ತುಂಬಿದ ಕ್ಯಾನನ್ನು ಒಂದು ನಿಮಿಷ ತೂಗುಹಾಕಿದೆ; ಅಮೆರಿಕದ ಯುಎಲ್ 486ಎ ಮಾನದಂಡವು ಇದಕ್ಕಿಂತ ತುಸು ಸಣ್ಣದಾದ 16 ಗೇಜ್ ತಂತಿಗೆ 30 ಪೌಂಡ್, ಅಂದರೆ ಸುಮಾರು 13.6 ಕಿಲೋ ಎಳೆತವನ್ನು ಕೇಳುವುದರಿಂದ ಈ ತೂಕವನ್ನು ಆರಿಸಿಕೊಂಡೆ. ಬಳಿಕ ಮೂರು ವಾರ ಹಗಲಿನಲ್ಲಿ ಕಲ್ಲುಪ್ಪಿನ ನೀರಿನಲ್ಲಿ ಅದ್ದಿಟ್ಟು, ರಾತ್ರಿ ಒಣಗಲು ಬಿಟ್ಟು, ಕೊನೆಗೆ ಒಂದು ಬಲ್ಬಿನ ವಿದ್ಯುತ್ತನ್ನು ಹರಿಸಿ, ಜೋಡಣೆಯೂ ಸೇರಿದಂತೆ 10 ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ಮಿಲಿವೋಲ್ಟ್ ಕಳೆದುಹೋಗುತ್ತದೆಂದು ಅಳೆದೆ. ಜೋಡಣೆಯೇ ಇಲ್ಲದ ತಂತಿಯಲ್ಲಿ ಈ ಅಂಕಿ 6 ಇತ್ತು.

ಎಲ್ಲ ಅಂಗಡಿಗಳಲ್ಲೂ ಮೊದಲು ಕೈಗೆ ಬರುವುದು ಕೆಂಪು, ನೀಲಿ, ಹಳದಿ ಪ್ಲಾಸ್ಟಿಕ್ ತೊಟ್ಟ ಕನೆಕ್ಟರುಗಳು. ನಮ್ಮ ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಇವೆಲ್ಲ ಥಿಂಬಲ್‌ಗಳೇ. ಬಣ್ಣ ಅಲಂಕಾರಕ್ಕಲ್ಲ: ಕೆಂಪು 0.5ರಿಂದ 1.5, ನೀಲಿ 1.5ರಿಂದ 2.5, ಹಳದಿ 4ರಿಂದ 6 ಚದರ ಮಿಲಿಮೀಟರಿನ ತಂತಿಗೆ. ಇವುಗಳಲ್ಲಿ ಒಂದೇ ರೂಪದ ಎರಡು ಜಾತಿಗಳಿವೆ ಎಂಬುದು ನನಗೆ ತಿಳಿದದ್ದು ಪ್ಲಾಸ್ಟಿಕ್ಕನ್ನು ಸೀಳಿ ನೋಡಿದ ಮೇಲೆಯೇ. ಅಗ್ಗದವುಗಳಲ್ಲಿ ತೆಳು ಹಿತ್ತಾಳೆಯ ಹಾಳೆಯನ್ನು ಸುರುಳಿ ಮಾಡಿ ಅಂಚುಗಳನ್ನು ಹಾಗೆಯೇ ಬಿಟ್ಟಿರುತ್ತಾರೆ. ಅದುಮಿದಾಗ ಆ ಸೀಳು ಬಾಯಿ ತೆರೆದು ತಂತಿ ಸಡಿಲಗೊಳ್ಳುತ್ತದೆ. ಉತ್ತಮವಾದವುಗಳಲ್ಲಿ ಕೊಳವೆ ಕಲಾಯಿ ಮಾಡಿದ ತಾಮ್ರದ್ದಾಗಿದ್ದು, ಅಂಚುಗಳನ್ನು ಬೆಸೆದಿರುತ್ತಾರೆ, ಹೊದಿಕೆ ನೈಲಾನಿನದಾಗಿರುತ್ತದೆ, ಮತ್ತು ತಂತಿಯ ಪ್ಲಾಸ್ಟಿಕ್ಕನ್ನೂ ಹಿಡಿಯಲು ಒಳಗೆ ಇನ್ನೊಂದು ಲೋಹದ ಬಳೆಯಿರುತ್ತದೆ. ಖರೀದಿಸುವ ಮುನ್ನ ಒಂದನ್ನು ಕತ್ತರಿಸಿ ನೋಡುವುದು ಒಳ್ಳೆಯದು: ತುಂಡಾದ ಅಂಚು ಹಳದಿಯಾಗಿದ್ದರೆ ಹಿತ್ತಾಳೆ, ಕೆಂಪಾಗಿದ್ದರೆ ತಾಮ್ರ, ಅಯಸ್ಕಾಂತಕ್ಕೆ ಅಂಟಿಕೊಂಡರೆ ಅಂಗಡಿಯವರಿಗೇ ಹಿಂದಿರುಗಿಸುವುದು ಲೇಸು. ಅಗ್ಗದವುಗಳನ್ನು ಇಕ್ಕಳದಲ್ಲಿ ಅದುಮಿದಾಗ ಐದರಲ್ಲಿ ಮೂರು ಕ್ಯಾನಿನ ಭಾರಕ್ಕೆ ಜಾರಿ ಬಂದವು. ಪೂರ್ತಿ ಅದುಮುವವರೆಗೆ ಬಾಯಿ ಬಿಡದ ರ‍್ಯಾಚೆಟ್ ಕ್ರಿಂಪಿಂಗ್ ಟೂಲಿನಲ್ಲಿ ಅದುಮಿದ ಇನ್ನೈದರಲ್ಲೂ ಒಂದು ಜಾರಿತು. ತಾಮ್ರದವು ಒಂದೂ ಅಲುಗಲಿಲ್ಲ. ಉಪ್ಪುನೀರಿನ ಬಳಿಕ ಅಗ್ಗದವುಗಳ ಅಂಕಿ 70ರ ಆಸುಪಾಸಿನಲ್ಲಿದ್ದು ಒಂದರಲ್ಲಂತೂ 190ಕ್ಕೆ ಏರಿತ್ತು. ತಾಮ್ರದವುಗಳದು 15 ದಾಟಲಿಲ್ಲ.

ಎರಡನೆಯದು ನೋಡಲು ತೀರ ಬಡಪಾಯಿ. ಬಣ್ಣವಿಲ್ಲ, ಹೊದಿಕೆಯಿಲ್ಲ, ಮಡಚಿದ ಹಾಳೆಯಂಥ ಲೋಹದ ತುಂಡಿನ ಹಿಂಭಾಗದಲ್ಲಿ ಎರಡು ಜೊತೆ ರೆಕ್ಕೆಗಳು, ಅಷ್ಟೆ. ಕಾರ್ಖಾನೆಯಿಂದ ಬರುವ ವೈರಿಂಗ್ ಕಿಟ್‌ಗಳಲ್ಲಿ ಇರುವುದು ಬಹುಪಾಲು ಈ ತೆರೆದ ರೆಕ್ಕೆಯ ಟರ್ಮಿನಲ್ಲೇ. ರಿಲೇಗಳ (ದೀಪದ ವಿದ್ಯುತ್ತನ್ನು ಹಾಯಿಸಿ ನಿಲ್ಲಿಸುವ ವಿದ್ಯುತ್ ಸ್ವಿಚ್ಚುಗಳ) ಕಾಲಿಗೆ ಕೂರುವ 6.3 ಮಿಲಿಮೀಟರಿನ ಪಿನ್ನುಗಳನ್ನು ನಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಯಾಗಿ ತಂದೆ. ಮುಂದಿನ ರೆಕ್ಕೆಗಳು ತಾಮ್ರದ ಎಳೆಗಳ ಮೇಲೆ ಬಾಗಿ, ತುದಿಗಳು ಒಳಕ್ಕೆ ಸುರುಳಿಯಾಗಿ ಎಳೆಗಳ ನಡುವೆಯೇ ಇಳಿಯುತ್ತವೆ; ಹಿಂದಿನ ರೆಕ್ಕೆಗಳು ತಂತಿಯ ಪ್ಲಾಸ್ಟಿಕ್ಕನ್ನು ತಬ್ಬಿಕೊಂಡು, ಇಂಜಿನ್ನಿನ ನಡುಕ ತಾಮ್ರದವರೆಗೆ ತಲುಪದಂತೆ ತಡೆಯುತ್ತವೆ. ಸರಿಯಾಗಿ ಅದುಮಿದ ಒಂದನ್ನು ಗರಗಸದಿಂದ ಅಡ್ಡಕೊಯ್ದು, ಮರಳುಕಾಗದದಲ್ಲಿ ಉಜ್ಜಿ, ಭೂತಗನ್ನಡಿಯಲ್ಲಿ ನೋಡಿದಾಗ ದುಂಡಗಿದ್ದ ಎಳೆಗಳೆಲ್ಲ ಜೇನುಹಟ್ಟಿನ ಕೋಣೆಗಳಂತೆ ಒಂದಕ್ಕೊಂದು ಒತ್ತಿಕೊಂಡು ನಡುವೆ ಸಂದಿಯೇ ಇಲ್ಲದಂತಾಗಿತ್ತು. ಗಾಳಿ ಒಳಹೋಗದಿದ್ದರೆ ಕಿಲುಬೂ ಒಳಹೋಗದು. ಆದರೆ ಇದಕ್ಕೆ ಟೂಲಿನ ಬಾಯಲ್ಲಿ ಅದರದೇ ಅಳತೆಯ ಅಚ್ಚು ಬೇಕು. ಬಣ್ಣದ ಕನೆಕ್ಟರಿನ ಅಚ್ಚಿನಲ್ಲಿ ಅದುಮಿದ ನನ್ನ ಮೊದಲ ಪ್ರಯತ್ನದಲ್ಲಿ ರೆಕ್ಕೆಗಳು ಒಂದರ ಮೇಲೊಂದು ಏರಿ ಕೆಟ್ಟುಹೋದವು. ಸರಿಯಾದ ಅಚ್ಚು ಬಂದ ಮೇಲೆ ಐದೂ ಭಾರ ತಡೆದವು, ಉಪ್ಪುನೀರಿಗೆ ಮೊದಲು ಅಳೆದಾಗ ಅಂಕಿ 7 ಇತ್ತು. ಹೊದಿಕೆಯಿಲ್ಲದೆ ಉಪ್ಪುನೀರಿಗೆ ಹೋದವು 20ಕ್ಕೆ ಏರಿದವು. ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿದ್ದ ಎರಡು ಮಾತ್ರ 8ರಲ್ಲೇ ನಿಂತವು.

ಆ ಅಂಟಿನ ಸ್ಲೀವನ್ನೇ ಹೊದಿಕೆಯಾಗಿ ಹೊತ್ತು ಬರುವುದು ಮೂರನೆಯ ಬಗೆ. ಅದುಮಿದ ನಂತರ ಬಿಸಿಗಾಳಿ ಹಾಯಿಸಿದರೆ ಹೊದಿಕೆ ಕುಗ್ಗಿ, ಅಂಟು ಕರಗಿ, ಎರಡೂ ತುದಿಗಳಲ್ಲಿ ಮಣಿಯಂತೆ ಹೊರಗಿಣುಕುತ್ತದೆ. ಆ ಮಣಿ ಕಾಣುವ ತನಕ ನಿಲ್ಲಿಸಬಾರದು. ಲೈಟರಿನ ಬೆಂಕಿಯಲ್ಲಿ ಒಂದನ್ನು ಮಾಡಿ ನೋಡಿದೆ, ಒಂದು ಬದಿ ಸುಟ್ಟು ಕಪ್ಪಾಯಿತು, ಇನ್ನೊಂದು ಬದಿ ಕುಗ್ಗಲೇ ಇಲ್ಲ. ಐದೂ ಭಾರ ತಡೆದು, ಮೂರು ವಾರದ ಬಳಿಕವೂ ನಾಲ್ಕು 9ರೊಳಗೇ ಇದ್ದವು. ಐದನೆಯದರಲ್ಲಿ 40 ಬಂದದ್ದಕ್ಕೆ ಕಾರಣ ನಾನೇ: ಹಲ್ಲಿರುವ ಅಚ್ಚು ಹೊದಿಕೆಯಲ್ಲಿ ಸೂಜಿಮೊನೆಯಷ್ಟು ತೂತು ಮಾಡಿತ್ತು, ಉಪ್ಪುನೀರಿಗೆ ಅಷ್ಟೇ ಸಾಕಾಯಿತು. ಇವಕ್ಕೆ ನುಣುಪಾದ ಅಚ್ಚು ಬೇಕು.

ನಾಲ್ಕನೆಯದು, ನಡುವೆ ಬೆಸುಗೆಯ ಉಂಗುರವಿರುವ ಪಾರದರ್ಶಕ ಸ್ಲೀವು, ಇತ್ತೀಚೆಗೆ ವಿಡಿಯೊಗಳಲ್ಲಿ ಬಹಳ ಮೆರೆಯುತ್ತಿದೆ. ಸಾಮಾನ್ಯ ತವರ-ಸೀಸದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ, ಇಂಥವುಗಳಲ್ಲಿ ಹೆಚ್ಚಾಗಿ ಬಳಸುವ ತವರ-ಬಿಸ್ಮತ್ ಮಿಶ್ರಲೋಹ 138ಕ್ಕೇ ಕರಗುತ್ತದೆ. ಬಿಸಿಯಾಗುವ ಜೋಡಣೆಗೆ ಇದು ಒಳ್ಳೆಯ ಲಕ್ಷಣವಲ್ಲ. ನನ್ನ ಐದರಲ್ಲಿ ಮೂರು ಕ್ಯಾನಿನ ಭಾರಕ್ಕೆ ಬಿಟ್ಟುಕೊಂಡವು, ಬಿಚ್ಚಿ ನೋಡಿದರೆ ಬೆಸುಗೆ ಹೊರಗಿನ ಎಳೆಗಳನ್ನಷ್ಟೇ ಸವರಿತ್ತು. ಸಾಲದ್ದಕ್ಕೆ, ಬೆಸುಗೆ ಹೀರಿಕೊಂಡ ತಂತಿ ಕಡ್ಡಿಯಂತೆ ಗಡುಸಾಗಿ, ಗಡುಸು ಮುಗಿಯುವ ಜಾಗದಲ್ಲೇ ನಡುಕಕ್ಕೆ ತುಂಡಾಗುತ್ತದೆ.

ವ್ಯಾನಿನಲ್ಲಿ ಈಗ ರಿಲೇ ಮತ್ತು ಫ್ಯೂಸ್ ಪೆಟ್ಟಿಗೆಯ ಬಳಿ ತೆರೆದ ರೆಕ್ಕೆಯವು, ಬಂಪರಿನ ಹಿಂದೆ ನೀರು ಸಿಡಿಯುವಲ್ಲಿ ಅಂಟಿನ ಹೊದಿಕೆಯವು ಇವೆ. ಬಣ್ಣದ ಹೊದಿಕೆಯ ತಾಮ್ರದ ಥಿಂಬಲ್‌ಗಳು ಕ್ಯಾಬಿನ್ನಿನ ಒಳಗಷ್ಟೇ. ಹಣದ ಲೆಕ್ಕದಲ್ಲಿ ಹೇಳುವುದಾದರೆ ಎಲ್ಲ ಕನೆಕ್ಟರುಗಳಿಗಿಂತ ದುಬಾರಿಯಾದದ್ದು ಅಚ್ಚು ಬದಲಿಸಬಹುದಾದ ಆ ಟೂಲು, ಮತ್ತು ಅದನ್ನು ಮೊದಲೇ ಕೊಂಡಿದ್ದರೆ ಅರ್ಧ ಡಬ್ಬಿ ಪಿನ್ನುಗಳು ಉಳಿಯುತ್ತಿದ್ದವು. ಬ್ಯಾಟರಿಯಿಂದ ವ್ಯಾನಿನ ಲೋಹದ ಮೈಗೆ ಬರುವ ದಪ್ಪ ಕೇಬಲ್ಲಿನ ತುದಿಯ ಲಗ್ (ದೊಡ್ಡ ಥಿಂಬಲ್) ಮಾತ್ರ ಅದರ ಬಾಯಿಗೆ ಹಿಡಿಸಲಿಲ್ಲ. ಸುತ್ತಿಗೆಯಿಂದ ಬಡಿಯುವ ಮನಸ್ಸಾಗದೆ, ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿಗೆ ಒಯ್ದು, ಅಲ್ಲಿನ ಹೈಡ್ರಾಲಿಕ್ ಟೂಲಿನಲ್ಲಿ ಅದುಮಿಸಿಕೊಂಡು ಬಂದೆ.