ಕರಾರು ಬರೆಯಲು ಕಲಿಸುತ್ತೇವೆ ಎಂದವರ ಕರಾರನ್ನೇ ನಾನು ಓದಲಿಲ್ಲ

38,000 ರೂಪಾಯಿ. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಹೊಟ್ಟೆಯುರಿ ಸ್ವಲ್ಪವಾದರೂ ತಣ್ಣಗಾದೀತು.

ಹಾಸನದ ನ್ಯಾಯಾಲಯದಲ್ಲಿ ಮೂರು ವರ್ಷ ಆಸ್ತಿ ವಿಭಾಗದ ದಾವೆ, ತಡೆಯಾಜ್ಞೆ, ಚೆಕ್ ಬೌನ್ಸ್ ಎಂದು ಓಡಾಡಿದವಳು ನಾನು. ಬೆಂಗಳೂರಿನಲ್ಲಿ ಕಂಪನಿ ಕಾನೂನಿನ ಕೆಲಸ ಹಿಡಿಯುವ ಆಸೆಯಿತ್ತು. ಆಗ ಕಣ್ಣಿಗೆ ಬಿದ್ದದ್ದು ಕರಾರು ಬರೆಯಲು ಕಲಿಸುವ ಒಂದು ಆನ್‌ಲೈನ್ ತರಬೇತಿಯ ಜಾಹೀರಾತು: ಮೂರು ತಿಂಗಳು, ನೇರ ತರಗತಿ, ನಾವು ಬರೆದ ಪ್ರತಿ ಕರಡನ್ನೂ ಅನುಭವಿ ವಕೀಲರು ಸಾಲು ಸಾಲಾಗಿ ತಿದ್ದಿಕೊಡುತ್ತಾರೆ. ಸೀನಿಯರ್ ಕೈಕೆಳಗೆ ದುಡಿದವರಿಗೆ ಗೊತ್ತು, ಆ ಕೆಂಪು ಶಾಯಿಯಿಂದಲೇ ನಮಗೆ ವಿದ್ಯೆ ಬರುವುದು. ಅದಕ್ಕಾಗಿಯೇ ದುಡ್ಡು ಕಟ್ಟಿದೆ.

ಬಂದದ್ದು ಹಳೆಯ ವಿಡಿಯೊಗಳು ಮತ್ತು ಮಾದರಿ ಕರಾರುಗಳ ಒಂದು ಕಡತ. ಕರಡು ಕಳಿಸಿದರೆ ಹತ್ತು ನಿಮಿಷದೊಳಗೆ ಉತ್ತರ: "ಉತ್ತಮ ಪ್ರಯತ್ನ. ಭಾಷೆ ಸ್ಪಷ್ಟವಾಗಿದೆ. 10ಕ್ಕೆ 9." ಹದಿನೆಂಟು ಪುಟಕ್ಕೆ ಹತ್ತು ನಿಮಿಷ! ಆಗಲೇ ಅನುಮಾನ ಬರಬೇಕಿತ್ತು. ಒಂಬತ್ತು ಅಂಕ ಬಂದಾಗ ಯಾರಿಗೆ ಅನುಮಾನ ಬರುತ್ತದೆ?

ಆ ಒಂಬತ್ತು ಅಂಕದ ಉದ್ಯೋಗ ಕರಾರನ್ನೇ ಸಂದರ್ಶನಕ್ಕೆ ಒಯ್ದೆ. ಹಿರಿಯ ವಕೀಲರು ಕೊನೆಯ ಪುಟ ತಿರುವಿ, "ಹಾಸನದಿಂದ ಡೆಲವೇರ್‌ಗೆ ಎಷ್ಟು ದೂರಮ್ಮಾ?" ಎಂದರು. ಅಮೆರಿಕದ ಆ ರಾಜ್ಯದ ಕಾನೂನು ಅನ್ವಯಿಸುತ್ತದೆ ಎಂಬ ಸಾಲು ಮಾದರಿಯಿಂದ ಹಾಗೆಯೇ ಇಳಿದು ಬಂದಿತ್ತು. ನಾನು ಬರೆದಿದ್ದ ಕಂಪನಿ ಪೀಣ್ಯದ್ದು. ಕೆಲಸ ಬಿಟ್ಟ ಮೇಲೂ ಎರಡು ವರ್ಷ ಪೈಪೋಟಿಯ ಕಂಪನಿ ಸೇರುವಂತಿಲ್ಲ ಎಂಬ ಷರತ್ತೂ ಇತ್ತು. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಎದುರು ಅದು ನಿಲ್ಲುವುದಿಲ್ಲ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು! ಷೇರು ವರ್ಗಾವಣೆಯ ಎಸ್‌ಎಚ್-4 ನಮೂನೆ ಸಹಿಯಾದ ಎಷ್ಟು ದಿನದೊಳಗೆ ಕಂಪನಿಗೆ ತಲುಪಬೇಕು ಎಂದು ಕೇಳಿದರು. 60 ದಿನ. ಈಗ ಗೊತ್ತು. ಆಗ ಗೋಡೆ ನೋಡಿದೆ.

ಅಂದು ರಾತ್ರಿ ಸಿಟ್ಟಿನಲ್ಲಿ ಆ ಸಂಸ್ಥೆಯದೇ ಷರತ್ತುಗಳ ಪುಟವನ್ನು ನಕಲು ಮಾಡಿ, ನನ್ನ ಕರಡೆಂದು ಕಳಿಸಿದೆ. ಹತ್ತು ನಿಮಿಷ. "ಉತ್ತಮ ಪ್ರಯತ್ನ. ಭಾಷೆ ಸ್ಪಷ್ಟವಾಗಿದೆ. 10ಕ್ಕೆ 9."

ಭಾಷೆ ನಿಜಕ್ಕೂ ಸ್ಪಷ್ಟವಾಗಿತ್ತು. ನಾನು ಅದನ್ನು ಓದಿದ್ದು ಆ ರಾತ್ರಿ, ಮೊದಲ ಬಾರಿಗೆ. ಒಂದು ವಿಡಿಯೊ ತೆರೆದರೂ ಹಣ ವಾಪಸ್ಸಿಲ್ಲ. ತಿದ್ದುವಿಕೆ 'ಸ್ವಯಂಚಾಲಿತವಾಗಿಯೂ ಇರಬಹುದು'. ವಿವಾದವಾದರೆ ತೀರ್ಪು ಕೊಡುವುದು ಕೋರ್ಟಲ್ಲ, ಅವರೇ ನೇಮಿಸುವ ಮಧ್ಯಸ್ಥಗಾರ, ಅದೂ ದೆಹಲಿ ಪಕ್ಕದ ಗುರುಗ್ರಾಮದಲ್ಲಿ.

ಹಣ ಕೇಳಿ ನಾಲ್ಕು ಮೇಲ್ ಬರೆದೆ. ಒಂದಕ್ಕೆ ಉತ್ತರ: "ನಿಮ್ಮ ಕಲಿಕೆಯ ಉತ್ಸಾಹವನ್ನು ಮೆಚ್ಚುತ್ತೇವೆ." ನೇರ ತರಗತಿ ಎಲ್ಲಿ ಎಂದರೆ, "ವಿಡಿಯೊಗಳು ನೇರವಾಗಿ ನಿಮ್ಮ ಖಾತೆಗೇ ಬಂದಿವೆಯಲ್ಲ." ಕೊನೆಗೆ ಫೋನಿನಲ್ಲಿ ಸಿಕ್ಕ ಹುಡುಗ ಬಹಳ ವಿನಯದಿಂದಲೇ ಕೇಳಿದ: "ಮೇಡಂ, ನೀವೇ ವಕೀಲರು. ಓದದೆ ಒಪ್ಪಿಕೊಂಡಿರಾ?" ಆ 38,000ಕ್ಕಿಂತ ಈ ಮಾತೇ ಇನ್ನೂ ಚುಚ್ಚುತ್ತಿದೆ. ಉತ್ತರ ಹೊಳೆಯದೆ ಫೋನ್ ಇಟ್ಟೆ.

ದುಡ್ಡು ಕಟ್ಟುವ ಮೊದಲು ಒಂದೇ ಒಂದು ತಿದ್ದಿದ ಕರಡನ್ನು ತೋರಿಸಿ ಎನ್ನಿ, ತಿದ್ದಿದವರ ಹೆಸರಿನ ಸಮೇತ. ತೋರಿಸದಿದ್ದರೆ ಎದ್ದು ಬನ್ನಿ. ಪರಿಚಯದ ಕಂಪನಿ ಸೆಕ್ರೆಟರಿಯ ಕಚೇರಿಯಲ್ಲಿ ಒಂದು ತಿಂಗಳು ಕಡತ ಹೊತ್ತರೂ ಇದಕ್ಕಿಂತ ಹೆಚ್ಚು ಕಲಿಯುತ್ತೀರಿ.

ಗುರುಗ್ರಾಮಕ್ಕಂತೂ ನಾನು ಹೋಗುವುದಿಲ್ಲ. ವ್ಯಾಜ್ಯದಲ್ಲಿ ಹಿತಾಸಕ್ತಿ ಇರುವವರು ತಾವೊಬ್ಬರೇ ಮಧ್ಯಸ್ಥಗಾರನನ್ನು ನೇಮಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಅದೇ ವರ್ಷದ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ದೂರಿನ ಕರಡು ಸಿದ್ಧವಾಗುತ್ತಿದೆ.

ಅವರ ಜಾಹೀರಾತು ಈಗಲೂ ನನ್ನ ಮೊಬೈಲಿಗೆ ಬರುತ್ತಿದೆ. ಬೆಲೆ 19,999ಕ್ಕೆ ಇಳಿದಿದೆ, ಭಾನುವಾರದವರೆಗೆ ಮಾತ್ರವಂತೆ. ಮೂರು ವಾರದಿಂದ ಅದೇ ಭಾನುವಾರ.